ಅಡುಗೆಮನೆಯ ಗೋಡೆಗೊಂದು ತೂತು

ಮೊನ್ನೆ ಮನೆಗೆ ಬಂದಿದ್ದ ನೆಂಟರೊಬ್ಬರು ನಮ್ಮ ಅಡುಗೆಮನೆಯ ಚಿಮಣಿಯನ್ನು ಕತ್ತೆತ್ತಿ ನೋಡಿ, "ಇದು ಪೈಪ್ ಇರುವುದಾ, ಇಲ್ಲದ್ದಾ ಮಾರಾಯ? ನಮಗೂ ಒಂದು ಹಾಕಿಸಬೇಕು ಅಂತ ಉಂಟು. ಯಾವುದು ಒಳ್ಳೆಯದು?" ಎಂದು ಕೇಳಿದರು. ಒಂದೇ ಮಾತಿನಲ್ಲಿ ಮುಗಿಸಬಹುದಾದ ಪ್ರಶ್ನೆ. "ಪೈಪ್ ಇರುವುದೇ ಹಾಕಿಸಿ" ಎಂದು ಹೇಳಿ ಚಹಾ ಕೊಟ್ಟೆ. ಅವರು ಹೋದ ಮೇಲೆ ಆ ಪೈಪು ಗೋಡೆಯನ್ನು ಹೊಗುವ ಜಾಗವನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಅಲ್ಲಿ ತೂತು ಬೀಳುವ ಮೊದಲು ನಮ್ಮ ಮನೆಯಲ್ಲಿ ಎಂತೆಂಥ ಹೆದರಿಕೆಗಳು ಎದ್ದು ಓಡಾಡಿದವು ಎಂಬುದನ್ನು ಅವರಿಗೆ ಹೇಳುವುದಕ್ಕೆ ಒಂದು ಲೋಟ ಚಹಾ ಸಾಲುತ್ತಿರಲಿಲ್ಲ. ನಿಮಗಾದರೆ ಹೇಳಬಹುದು.

ಮೊದಲೇ ಒಪ್ಪಿಕೊಳ್ಳುತ್ತೇನೆ, ನಾನು ಹುಟ್ಟು ಪುಕ್ಕಲ. ಕುಕ್ಕರ್ ಸೀಟಿ ಹಾಕಲು ಬುಸುಗುಟ್ಟತೊಡಗಿದರೆ ನನಗೆ ಅಂಗಳದಲ್ಲಿ ಎಂತಾದರೂ ಕೆಲಸ ನೆನಪಾಗುತ್ತದೆ. ಗ್ಯಾಸ್ ಸಿಲಿಂಡರ್ ಬದಲಿಸುವುದು ನಮ್ಮಲ್ಲಿ ಹೆಂಡತಿಯ ಕೆಲಸ. ನಾನು ಬಾಗಿಲಲ್ಲಿ ನಿಂತು ಧೈರ್ಯ ಹೇಳುತ್ತೇನೆ. ಕುಂಬಳೆ ಪೇಟೆಯಲ್ಲಿ ನನ್ನದೊಂದು ಫೋಟೋಸ್ಟಾಟ್ ಅಂಗಡಿ. ಇಷ್ಟು ವರ್ಷವಾದರೂ ಆ ಯಂತ್ರದ ಹೊಟ್ಟೆಯಲ್ಲಿ ಕಾಗದ ಸಿಕ್ಕಿಕೊಂಡರೆ, ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಮೇಲೂ ಒಂದು ನಿಮಿಷ ಕಾದೇ ಕೈ ಹಾಕುವುದು. ಹೆಂಡತಿ ಶೈಲಜಾ ಮಧೂರಿನ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್. ರಕ್ತ, ಸೂಜಿ, ಹೆರಿಗೆಯ ಕೂಗು ಯಾವುದಕ್ಕೂ ಕಣ್ಣು ಮಿಟುಕಿಸದ ಹೆಂಗಸು. "ಇವರಿಗೆ ಮಿಕ್ಸಿ ಕಂಡರೂ ಹೆದರಿಕೆ" ಎಂದು ಅವಳು ನೆಂಟರ ಮುಂದೆ ಹೇಳುವಾಗ ನಾನೂ ನಗುತ್ತೇನೆ. ಮಿಕ್ಸಿಯ ಮುಚ್ಚಳ ಒಮ್ಮೆ ಹಾರಿದ್ದನ್ನು ನೋಡಿದವರಿಗೆ ಮಾತ್ರ ನನ್ನ ಕಷ್ಟ ಗೊತ್ತಾದೀತು.

ಮೂರನೆಯವಳು ಅಮ್ಮ. ಕೋಣೆಗೆ ಬಂದ ಕೇರೆ ಹಾವನ್ನು ಹಿಡಿಸೂಡಿಯಿಂದ ಹೊರಗೆ ಅಟ್ಟಿ, ಅದೇ ಹಿಡಿಸೂಡಿಯಿಂದ ಅಂಗಳ ಗುಡಿಸಿ ಬಂದವಳು. ಅವಳಿಗೆ ಹೆದರಿಕೆ ಎಂಬುದೇ ಇಲ್ಲ, ನನ್ನದೆಲ್ಲ ಅಪ್ಪನ ಕಡೆಯಿಂದ ಬಂದದ್ದು ಎಂದು ನಾನು ನಂಬಿದ್ದೆ. ಆದರೆ ಒಂದು ವಿಷಯ ಉಂಟು, ಅದಕ್ಕೆ ನಾನು ಆಗ ಅರ್ಥ ಹುಡುಕಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾವು ಕುಂಬಳೆಯ ಹತ್ತಿರ ಈ ಸಣ್ಣ ತಾರಸಿ ಮನೆ ಮಾಡಿಕೊಂಡು ಬಂದ ದಿನದಿಂದ ಅಡುಗೆಮನೆಯ ಕಿಟಕಿ ಸದಾ ಮುಚ್ಚಿಯೇ ಇರುತ್ತಿತ್ತು. ಕೇಳಿದರೆ, "ಬೆಕ್ಕು ಬರ್ತದೆ" ಎನ್ನುತ್ತಿದ್ದಳು. ನಮ್ಮ ಓಣಿಯಲ್ಲಿ ಬೆಕ್ಕೇ ಇರಲಿಲ್ಲ.

ಮದುವೆಯಾದ ಮರುವರ್ಷ ಶೈಲಜಾಳಿಗೆ ವಾಂತಿ ಸುರುವಾಯಿತು. ಬಸುರಿಯರಿಗೆ ವಾಂತಿಯಾಗುವುದು ಲೋಕಕ್ಕೆಲ್ಲ ಇದ್ದದ್ದೇ. ಆದರೆ ಇವಳಿಗೆ ಸಾಸಿವೆ ಸಿಡಿದರೆ ವಾಂತಿ, ಬೆಳ್ಳುಳ್ಳಿ ಕೆಂಪಾದರೆ ವಾಂತಿ, ಬೂತಾಯಿ ಮೀನು ಹುರಿದರಂತೂ ಮನೆ ಬಿಟ್ಟು ಅಂಗಳದ ಮೂಲೆಗೆ ಓಟ. ಮೀನಿಲ್ಲದ ಊಟವನ್ನು ಊಟವೆಂದೇ ಲೆಕ್ಕಕ್ಕೆ ಹಿಡಿಯದ ಅಮ್ಮ ಕೆಲವು ದಿನ ಬಾಣಲೆಯನ್ನು ಕವುಚಿ ಇಟ್ಟು, ಗಂಜಿ, ಉಪ್ಪಿನಕಾಯಿ ಎಂದು ಸುಮ್ಮನಿದ್ದಳು. ಹೀಗೆ ಎಷ್ಟು ದಿನ? ಶೈಲಜಾ ಸೊರಗುತ್ತಾ ಬಂದಳು. ಕೊನೆಗೆ ಅವಳೇ, "ಒಂದು ಚಿಮಣಿ ಹಾಕಿಸುವ. ಹೊಗೆ ಹೊರಗೆ ಹೋದರೆ ನಾನು ಒಳಗೆ ಇರಬಹುದು" ಎಂದಳು.

ಅಂಗಡಿಗೆ ಹೋದೆವು. ಗೋಡೆ ತುಂಬ ಚಿಮಣಿಗಳನ್ನು ತೂಗು ಹಾಕಿದ್ದರು. ನಾನು ಅವುಗಳ ಕೆಳಗೆ ನಿಲ್ಲದೆ ಸ್ವಲ್ಪ ಈಚೆ ನಿಂತೆ, ಬಿದ್ದರೆ?

ಅಂಗಡಿಯವನು ಒಳ್ಳೆಯ ಮಾತುಗಾರ. "ಇದರಲ್ಲಿ ಎರಡು ತರ ಉಂಟು ಸಾರ್. ಒಂದು, ಹೊಗೆಯನ್ನು ಎಳೆದು ಪೈಪಿನಲ್ಲಿ ಹೊರಗೆ ಬಿಡುವುದು. ಅದಕ್ಕೆ ಗೋಡೆಗೆ ತೂತು ಬೇಕು. ಇನ್ನೊಂದಕ್ಕೆ ತೂತು ಬೇಡ. ಹೊಗೆಯನ್ನು ಎಳೆದು, ಒಳಗೆ ಇದ್ದಿಲಿನ ಫಿಲ್ಟರ್ ಉಂಟು, ಅದರಲ್ಲಿ ಸೋಸಿ, ಪುನಃ ಅಡುಗೆಮನೆಗೇ ಬಿಡ್ತದೆ."

"ಪುನಃ ಒಳಗೇ ಬಿಡುವುದಾದರೆ ಎಳೆಯುವುದು ಯಾಕೆ?" ಎಂದಳು ಶೈಲಜಾ.

"ಸೋಸಿ ಬಿಡುವುದಲ್ವಾ ಮೇಡಂ. ಎಣ್ಣೆ ಪಸೆ ನಿಲ್ತದೆ. ವಾಸನೆ ಸ್ವಲ್ಪ ಉಳೀತದೆ. ಬಿಸಿ, ಹಬೆ ಅಂತೂ ಒಳಗೇ. ಇದ್ದಿಲು ಆಗಾಗ ಬದಲಿಸಬೇಕು. ಮೀನು ಹುರಿಯುವ ಮನೆಯವರಾದರೆ ನಾನು ಪೈಪಿನದ್ದೇ ಹೇಳುವುದು."

"ಇದು ಹೊತ್ತಿಕೊಳ್ಳುವುದಿಲ್ಲವಲ್ಲ?" ಎಂದು ನಾನು ಕೇಳಿದೆ.

"ಜಾಲರಿ ತೊಳೆಯದೆ ಎಣ್ಣೆ ಕಟ್ಟಿದರೆ..." ಎಂದು ಅವನು ಸುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ. ಆಮೇಲೆ ಸಮಾಧಾನಕ್ಕೆ ಎಂಬಂತೆ, "ಇದು ಎರಡಕ್ಕೂ ಆಗ್ತದೆ ಸಾರ್. ಈಗ ಪೈಪ್ ಇಲ್ಲದೆ ಹಾಕಿಸಿ, ಬೇಕಾದರೆ ಮತ್ತೆ ಪೈಪ್ ಸಿಕ್ಕಿಸಬಹುದು" ಎಂದು ಒಂದನ್ನು ತೋರಿಸಿದ. ಅದನ್ನು ಕಣ್ಣಲ್ಲಿ ಗುರುತಿಟ್ಟುಕೊಂಡು ಮನೆಗೆ ಬಂದೆವು.

ಅಮ್ಮ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ತೂತು" ಎಂಬ ಮಾತು ಬಂದದ್ದೇ, ಕೈಯಲ್ಲಿದ್ದ ತೆಂಗಿನಕಾಯಿಯ ಹೋಳನ್ನು ಕೆಳಗಿಟ್ಟು, "ಗೋಡೆಗೆ ತೂತು ಮಾಡುವುದಾದರೆ ನಾನು ಈ ಮನೆಯಲ್ಲಿ ನಿಲ್ಲುವುದಿಲ್ಲ" ಎಂದಳು. ಅಮ್ಮ ಹೇಳಿದ್ದು ತುಳುವಿನಲ್ಲಿ. ತುಳುವಿನಲ್ಲಿ ಅದು ಇನ್ನೂ ಗಟ್ಟಿಯಾಗಿ ಕೇಳಿಸಿತು.

"ಯಾಕಮ್ಮ?"

"ಯಾಕೆ ಅಂತ ಕೇಳಬೇಡ ಮಗ. ಮಗು ಹುಟ್ಟುವ ಮನೆಗೆ ತೂತು ಬೇಡ."

ಬಸುರಿ ಇರುವ ಮನೆಯಲ್ಲಿ ಗೋಡೆ ಒಡೆಯಬಾರದು, ಮೊಳೆ ಹೊಡೆಯಬಾರದು ಎಂಬ ನಂಬಿಕೆ ನಮ್ಮ ಕಡೆ ಇದೆಯಲ್ಲ, ಅದೇ ಇರಬೇಕು ಅಂದುಕೊಂಡೆ. ನಂಬಿಕೆಗಳನ್ನು ನಂಬದಿದ್ದರೂ ಅವುಗಳಿಗೆ ಹೆದರುವುದು ನನ್ನ ಪದ್ಧತಿ. ಪೈಪ್ ಇಲ್ಲದ್ದೇ ಆಗಲಿ ಎಂದೆ. ಶೈಲಜಾ ನನ್ನನ್ನು ಒಂದು ಸಲ ನೋಡಿದಳು.

ಚಿಮಣಿ ಬಂತು, ಒಲೆಯ ಮೇಲೆ ನೇತಾಡಿತು. ಕೂರಿಸಿದವರು ಹೋದ ಮೇಲೆ ಶೈಲಜಾ ಅತಿ ಜೋರಿನ ಗುಂಡಿಯನ್ನೇ ಒತ್ತಿದಳು. ಯಂತ್ರ ಗರಗರನೆ ಸುರುಮಾಡಿ, ಹಾಗೇ ಏರುತ್ತಾ ಹೋಗಿ, ಒಂದೇ ಸಮನೆ ಭೋರಿಡತೊಡಗಿತು. ನಾನು ವಾಡಿಕೆಯಂತೆ ಹಿತ್ತಿಲ ಬಾಗಿಲಿಗೆ ಬಂದಿದ್ದೆ. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಳಿತು ಅಮ್ಮ ಮೀನು ಕೊಯ್ಯುತ್ತಿದ್ದಳು. ತಟ್ಟನೆ ಎದ್ದಳು. ಮೀನಿನ ಕೈಯಲ್ಲೇ ಕಟ್ಟಿಗೆಯ ಮೇಲೆ ಹೊದೆಸಿದ್ದ ಟಾರ್ಪಾಲನ್ನು ಎಳೆದಳು, ನೆಲದಲ್ಲಿ ದರದರನೆ ಎಳೆದುಕೊಂಡು ಹೋಗಿ ಬಾವಿಯ ಮೇಲೆ ಹಾಕತೊಡಗಿದಳು.

"ಎಂತಮ್ಮ, ಮಳೆ ಬರ್ತದಾ?" ಎಂದೆ.

"ಬರ್ತಾ ಉಂಟು, ಬರ್ತಾ ಉಂಟು, ಆ ತುದಿ ಹಿಡಿ" ಎಂದಳು. ಅವಳ ಕಣ್ಣು ಆಕಾಶದಲ್ಲಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಒಳಗೆ ಶೈಲಜಾ ಚಿಮಣಿ ನಿಲ್ಲಿಸಿದಳು. ಸದ್ದು ಇಳಿಯಿತು. ಅಮ್ಮ ಕೈಯಲ್ಲಿದ್ದ ಟಾರ್ಪಾಲನ್ನು ನೋಡಿಕೊಂಡಳು, ನನ್ನನ್ನು ನೋಡಿದಳು, "ಬಾವಿಗೆ ಎಲೆ ಬೀಳ್ತದೆ" ಎಂದು ಹೇಳಿ ಪುನಃ ಮೀನಿನ ಹತ್ತಿರ ಹೋಗಿ ಕುಳಿತಳು. ಅವಳು ಆಕಾಶದಲ್ಲಿ ಹುಡುಕಿದ್ದು ಎಂತದನ್ನು ಎಂದು ನನಗೆ ಆಗ ಗೊತ್ತಾಯಿತು.

ನಮ್ಮ ಹಳೆಯ ಮನೆ ಇದ್ದದ್ದು ಪುತ್ತಿಗೆಯಿಂದ ಇನ್ನೂ ಒಳಗೆ, ಗೇರು ಗುಡ್ಡೆಯ ಬುಡದಲ್ಲಿ. ಗುಡ್ಡೆ ತುಂಬ ಗೇರು ತೋಟ. ಗೇರುಹಣ್ಣಿನ ರಸ ಅಂಗಿಗೆ ತಾಗಿದರೆ ಆ ಕಲೆ ಅಂಗಿ ಹರಿಯುವವರೆಗೂ ಹೋಗುವುದಿಲ್ಲ. ನನ್ನ ಎಲ್ಲ ಅಂಗಿಗಳೂ ಒಂದೇ ಜಾತಿಯ ಕಲೆಯವು. ಬೀಜ ಸುಡುವಾಗ ಎಣ್ಣೆ ಸಿಡಿದು ಕೈ ಸುಟ್ಟುಕೊಂಡು, ಅಮ್ಮನಿಗೆ ಕಾಣದ ಹಾಗೆ ಬೆನ್ನ ಹಿಂದೆ ಕೈ ಕಟ್ಟಿ ನಡೆಯುವುದು ನಮಗೆಲ್ಲ ಅಭ್ಯಾಸ. ಅಡುಗೆಮನೆ ಮಣ್ಣಿನ ಗೋಡೆಯದು. ಒಲೆಯ ಮೇಲೆ ಅಟ್ಟ, ಅಟ್ಟದಲ್ಲಿ ಹಲಸಿನ ಬೀಜ, ಒಣಮೀನು, ಮಸಿ ಹಿಡಿದ ಬುಟ್ಟಿ. ಅದರ ಮೇಲೆ ಗೋಡೆಯಲ್ಲಿ ಒಂದು ಹೊಗೆಕಂಡಿ. ಬೆಳಗ್ಗೆ ಆ ಕಂಡಿಯಿಂದ ಬಿಸಿಲಿನ ಕೋಲು ಇಳಿದು ಹೊಗೆಯಲ್ಲಿ ಓರೆಯಾಗಿ ನಿಲ್ಲುತ್ತಿತ್ತು. ನಾನು ಅದನ್ನು ಹಿಡಿಯಲು ನೋಡುತ್ತಿದ್ದೆ.

ವರ್ಷಕ್ಕೆ ಕೆಲವು ಸಲ ತೋಟಕ್ಕೆ ಹುಳದ ಮದ್ದು ಬಿಡಲು ಹೆಲಿಕಾಪ್ಟರ್ ಬರುತ್ತಿತ್ತು. ಆ ಮದ್ದಿನ ಹೆಸರು ಈಗ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಅಮ್ಮ ಅದನ್ನು ಒಮ್ಮೆಯೂ ಬಾಯಲ್ಲಿ ಹೇಳಿದವಳಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಹಿಂದಿನ ದಿನ ಯಾರಾದರೂ ಬಂದು, "ನಾಳೆ ಮದ್ದು ಬಿಡ್ತಾರೆ, ಬಾವಿ ಮುಚ್ಚಿ" ಎಂದು ಹೇಳಿ ಹೋಗುತ್ತಿದ್ದರು. ಅಷ್ಟೇ ಹೇಳುತ್ತಿದ್ದದ್ದು. ಅಮ್ಮ ತೆಂಗಿನ ಮಡಲು ಒಟ್ಟು ಮಾಡಿ ಬಾವಿಯ ಮೇಲೆ ಅಡ್ಡಡ್ಡ ಹಾಸುತ್ತಿದ್ದಳು. ನಾನು ಮಡಲು ಎಳೆದು ಕೊಡುತ್ತಿದ್ದೆ, ಸದ್ದು ಕೇಳಿದ ಕೂಡಲೇ ಗುಡ್ಡೆಗೆ ಓಡುತ್ತಿದ್ದೆ. ಹೆಲಿಕಾಪ್ಟರ್ ತಲೆಯ ಮೇಲೇ ಬಂದಷ್ಟು ಹತ್ತಿರ ಹೋಗುತ್ತಿತ್ತು. ಅದರ ಹಿಂದಿನಿಂದ ಇಬ್ಬನಿಯಂಥದ್ದು ಇಳಿಯುತ್ತಿತ್ತು, ಮುಖಕ್ಕೆ ತಂಪಾಗುತ್ತಿತ್ತು. ನಾನು ಎರಡೂ ಕೈ ಎತ್ತಿ ಟಾಟಾ ಮಾಡುತ್ತಿದ್ದೆ. ಜಗತ್ತಿನಲ್ಲಿ ನಾನು ಹೆದರದೇ ಇದ್ದ ಯಂತ್ರ ಅದೊಂದೇ.

ನನ್ನ ತಂಗಿ ಸುಮತಿ ಹುಟ್ಟಿದ್ದು ಆ ಮನೆಯಲ್ಲಿ. ಅವಳ ತಲೆ ದೊಡ್ಡದು, ಕಾಲು ಎರಡೂ ಸಣ್ಣ. ಮಾತು ಬರಲಿಲ್ಲ. ನಾನು ಶಾಲೆಯಿಂದ ಬಂದು ಚೀಲವನ್ನು ಹೊಸ್ತಿಲಲ್ಲಿ ದೊಪ್ಪೆಂದು ಬಿಸಾಡಿದರೆ ಆ ಸದ್ದಿಗೆ ನಗುತ್ತಿದ್ದಳು. ಅವಳ ನಗು ಕೇಳಲೆಂದೇ ಎರಡೆರಡು ಸಲ ಬಿಸಾಡುತ್ತಿದ್ದೆ. ಒಂದು ದಿನವೂ ನೆಲದಲ್ಲಿ ಕಾಲೂರಿ ನಿಲ್ಲದೆ, ಶಾಲೆಗೆ ಸೇರುವ ಪ್ರಾಯಕ್ಕೆ ತೀರಿಕೊಂಡಳು. ಇದು ಆ ಮದ್ದಿನಿಂದ ಎಂದು ಪೇಪರಿನವರು ಬರೆದದ್ದು, ಡಾಕ್ಟರರ ಕ್ಯಾಂಪು ನಡೆದದ್ದು ಎಲ್ಲ ಬಹಳ ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಸುಮತಿಯ ಚಾಪೆಯನ್ನು ಅಮ್ಮ ಸುಟ್ಟಾಗಿತ್ತು.

ನನ್ನ ಮದುವೆ ತಡವಾದದ್ದಕ್ಕೂ ಕಾರಣ ಅದೇ. ಹೆಣ್ಣಿನ ಮನೆಯವರು ಚೆನ್ನಾಗಿಯೇ ಮಾತಾಡುತ್ತಿದ್ದರು. "ನಿಮ್ಮ ಮೂಲ ಮನೆ ಎಲ್ಲಿ?" ಎಂದು ಕೇಳುತ್ತಿದ್ದರು. ನಾವು ಊರಿನ ಹೆಸರು ಹೇಳುತ್ತಿದ್ದೆವು. ಆಮೇಲೆ ಮಾತು ಬಿಸಿಲು, ಸೆಕೆಯ ಕಡೆಗೆ ಹೋಗುತ್ತಿತ್ತು. ಶೈಲಜಾ ಒಬ್ಬಳೇ, "ಗೊತ್ತುಂಟು. ನಾನು ನರ್ಸ್" ಎಂದಳು. ಅವಳು ಹೆದರಲಿಲ್ಲ. ಅವಳ ಪಾಲಿನದ್ದನ್ನೂ ನಾನೇ ಹೆದರಿದೆ. ವಾಂತಿ ಸುರುವಾದ ದಿನದಿಂದ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಗುಡ್ಡೆಯ ಮೇಲೆ ನಿಂತು ನಾನು ಬಾಯಿ ತೆರೆದು ನುಂಗಿದ ಆ ತಂಪು ಈಗ ಯಾರಿಗೆ ಹೋಗಿ ಸೇರಿದೆ?

ಸ್ಕ್ಯಾನ್ ಮಾಡಿದ ಡಾಕ್ಟರು ತೆರೆಯನ್ನು ನೋಡುತ್ತಾ ಸುಮ್ಮನಿದ್ದರು. ಸುಮ್ಮನಿರುವ ಡಾಕ್ಟರಷ್ಟು ಭಯಂಕರ ಇನ್ನೊಂದಿಲ್ಲ. ಆಮೇಲೆ, "ನಿಮ್ಮ ಊರು ಯಾವುದು?" ಎಂದು ಕೇಳಿದರು. ಕುಂಬಳೆ ಎಂದೆ, ಅವರು ನೋಡುತ್ತಲೇ ಇದ್ದದ್ದಕ್ಕೆ ಹಳೆಯ ಊರಿನ ಹೆಸರನ್ನೂ ಹೇಳಿದೆ. ಅವರು ಇನ್ನೊಮ್ಮೆ ಮೊದಲಿಂದ ನೋಡಿದರು. "ಈಗ ಕಾಣುವ ಮಟ್ಟಿಗೆ ತೊಂದರೆ ಇಲ್ಲ" ಎಂದರು. ಶೈಲಜಾ "ತೊಂದರೆ ಇಲ್ಲ" ಎಂಬುದನ್ನು ಹಿಡಿದುಕೊಂಡು ಮನೆಗೆ ಬಂದಳು. ನಾನು "ಕಾಣುವ ಮಟ್ಟಿಗೆ" ಎಂಬುದನ್ನು ಹಿಡಿದುಕೊಂಡು ಬಂದೆ.

ಇತ್ತ ಚಿಮಣಿ ತನ್ನ ಕೆಲಸವನ್ನು ಮಾಡುತ್ತಿತ್ತು, ಅಂದರೆ ವಾಸನೆಯನ್ನು ಎಳೆದು, ಬೆಚ್ಚಗೆ ಮಾಡಿ, ವಾಪಸು ಕೊಡುತ್ತಿತ್ತು. ಕಿಟಕಿ ಬೇರೆ ಮುಚ್ಚಿ. ಗೋಡೆಯ ಟೈಲ್ಸು ಬೆವರುತ್ತಿತ್ತು. ಹೊಸ ತಿಂಗಳು ಬಂದರೂ ಶೈಲಜಾಳ ವಾಂತಿ ನಿಲ್ಲಲಿಲ್ಲ, ತೂಕ ಏರಲಿಲ್ಲ. "ಹೀಗಾದರೆ ಮಗುವಿಗೆ ಸಾಲುವುದಿಲ್ಲ" ಎಂದು ಡಾಕ್ಟರು ಗದರಿಸಿದರು. ಅಮ್ಮನೋ, ಪ್ರತಿ ಸಲ ಚಿಮಣಿ ಹಾಕಿದಾಗಲೂ ಏನೋ ನೆವ ಹೇಳಿ ಹೊರಗೆ ಹೋಗಿ ಬಾವಿ ಮುಚ್ಚಿ ಬರುತ್ತಿದ್ದಳು. ನಾವು ನೋಡಿಯೂ ನೋಡದ ಹಾಗಿದ್ದೆವು.

ಒಂದು ಮಧ್ಯಾಹ್ನ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ ಶೈಲಜಾ ಮುಖ ತೊಳೆದು ಬಂದು ಅಮ್ಮನ ಎದುರು ನೆಲದಲ್ಲೇ ಕುಳಿತಳು.

"ಅತ್ತೆ, ಈ ಹೊಗೆ ಒಳಗೇ ತಿರುಗುತ್ತಾ ಉಂಟು. ನನಗೆ ಆಗುವುದಿಲ್ಲ. ನಿಮಗೆ ತೂತು ಅಂದರೆ ಎಂತ ಹೆದರಿಕೆ? ನನಗೆ ಹೇಳಿ."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕುಳಿತಳು. ಹೇಳಲಿಕ್ಕಿಲ್ಲ ಅಂದುಕೊಂಡೆ. ಹೇಳಿದಳು.

"ಸುಮತಿ ಹೊಟ್ಟೆಯಲ್ಲಿದ್ದಳು. ಬಾವಿ ಮುಚ್ಚಲಿಕ್ಕೆ ಹೇಳಿದ್ದರು, ಮುಚ್ಚಿದೆ. ಸರಿಯಾಗಿಯೇ ಮುಚ್ಚಿದ್ದೆ. ಒಳಗೆ ಬಂದು ಅನ್ನಕ್ಕೆ ಇಟ್ಟೆ. ಮೇಲೆ ಸದ್ದು ಬಂತು. ನೋಡಿದರೆ ಹೊಗೆಕಂಡಿಯಿಂದ ಬಿಳಿ ಹೊಗೆಯ ಹಾಗೆ ಒಳಗೆ ಬರ್ತಾ ಉಂಟು. ಅನ್ನದ ಪಾತ್ರೆಯ ಮೇಲೆ, ನನ್ನ ಮೇಲೆ. ಹೊಗೆ ಹೊರಗೆ ಹೋಗುವ ದಾರಿ ಅಲ್ವಾ ಅದು? ಅಲ್ಲಿಂದ ಒಳಗೆ ಬರ್ತದೆ ಅಂತ ನನಗೆ ಹೊಳೆಯಲೇ ಇಲ್ಲ ಶೈಲಾ. ಒಂದು ಹರಕು ಗೋಣಿ ತುರುಕಿದ್ದರೆ ಆಗ್ತಿತ್ತು. ಗೋಣಿ ಅಲ್ಲೇ ಇತ್ತು, ಬಾಗಿಲ ಹಿಂದೆ. ನಾನು ಆ ಅನ್ನವನ್ನೂ ಉಂಡೆ."

ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವನಿಗೆ ಈ ಗೋಣಿಯ ಸಂಗತಿ ಗೊತ್ತಿರಲಿಲ್ಲ. ಅಮ್ಮ ಅದನ್ನು ದಿನಾ ಅಡುಗೆಮನೆಯ ಕಿಟಕಿಗೆ ತುರುಕುತ್ತಾ ಬಂದಿದ್ದಳು.

ಶೈಲಜಾ ಅವಳ ಕೈ ಹಿಡಿದುಕೊಂಡಳು. "ಅತ್ತೆ, ಅದು ಕಂಡಿಯಿಂದ ಬಂದದ್ದಲ್ಲ. ಗುಡ್ಡೆಯಲ್ಲಿ ಇತ್ತು, ತೋಡಿನ ನೀರಿನಲ್ಲಿ ಇತ್ತು, ದನ ತಿಂದ ಹುಲ್ಲಿನಲ್ಲಿ ಇತ್ತು. ಕಂಡಿಯೇ ಇಲ್ಲದ ಮನೆಯಲ್ಲಿಯೂ ಅಂಥ ಮಕ್ಕಳು ಹುಟ್ಟಿದ್ದಾರೆ. ನಾನು ಎತ್ತಿ ಆಡಿಸಿದ್ದೇನೆ."

ಅಮ್ಮ ಅವಳ ಕಡೆ ತಿರುಗಿದಳು. "ಹಾಗಾದರೆ ನಾನು ಎಂತ ಮುಚ್ಚಿದ್ದರೂ ಆಗ್ತಿರಲಿಲ್ಲವಾ?"

"ಎಂತ ಮುಚ್ಚಿದ್ದರೂ ಆಗ್ತಿರಲಿಲ್ಲ ಅತ್ತೆ."

ಅಮ್ಮ ಅತ್ತಳು. ಹೊರೆ ಇಳಿದದ್ದಕ್ಕೆ ಅತ್ತಳೋ, ಮುಚ್ಚಿ ಕಾಪಾಡಿಕೊಳ್ಳುವ ದಾರಿಯೇ ಇರಲಿಲ್ಲ ಎಂದು ಗೊತ್ತಾದ ಹೆದರಿಕೆಗೆ ಅತ್ತಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನಗಂತೂ ಹೆದರಿಕೆಯೇ ಹೆಚ್ಚಾಯಿತು. ಒಂದು ತೂತಿಗಾದರೆ ಗೋಣಿ ತುರುಕಬಹುದಲ್ಲ.

ಮರುದಿನ ಬೆಳಗ್ಗೆ ದೋಸೆ ಹುಯ್ಯುತ್ತಾ ಅಮ್ಮ ನನ್ನ ಕಡೆ ತಿರುಗದೆಯೇ ಹೇಳಿದಳು: "ತೂತು ಮಾಡಿಸು. ಒಳಗಿನದ್ದು ಹೊರಗೆ ಹೋಗಲಿ. ಹೊರಗಿನದ್ದು ಒಳಗೆ ಬರಬಾರದು, ಅಷ್ಟೇ."

ಅಂಗಡಿಯವನಿಗೆ ಇದನ್ನು ಹಾಗೇ ದಾಟಿಸಿದೆ. "ಅದಕ್ಕೆ ಹೊರಗಿನಿಂದ ರೆಕ್ಕೆಯ ಮುಚ್ಚಳ ಉಂಟಲ್ಲ ಸಾರ್. ಗಾಳಿ ಹೊರಗೆ ಹೋಗುವಾಗ ತೆರೀತದೆ, ಯಂತ್ರ ನಿಂತರೆ ಬೀಳ್ತದೆ" ಎಂದ. ಗೋಡೆ ಕೊರೆಯುವ ಯಂತ್ರ ಬಂದಾಗ ನಾನು ಅಂಗಡಿಯಲ್ಲಿ ತುಂಬ ಕೆಲಸ ಇದೆ ಎಂದು ಹೊರಟುಹೋದೆ. ಸಂಜೆ ಬಂದರೆ ಅಮ್ಮ ಹೊರಗೋಡೆಯ ಬುಡದಲ್ಲಿ ಸ್ಟೂಲಿನ ಮೇಲೆ ನಿಂತು, ಆ ಮುಚ್ಚಳದ ಎದುರು ಪೇಪರಿನ ಒಂದು ತುಂಡನ್ನು ಹಿಡಿದಿದ್ದಾಳೆ. ಒಳಗೆ ಶೈಲಜಾ ಚಿಮಣಿ ಹಾಕುತ್ತಾಳೆ, ಪೇಪರು ಹೊರಗೆ ಹಾರುತ್ತದೆ. ನಿಲ್ಲಿಸುತ್ತಾಳೆ, ಪೇಪರು ಇಳಿಯುತ್ತದೆ, ಮುಚ್ಚಳ ಟಪ್ ಎಂದು ಬೀಳುತ್ತದೆ. "ಇನ್ನೊಮ್ಮೆ" ಎಂದು ಅಮ್ಮ ಕೂಗುತ್ತಾಳೆ. ಬಸುರಿ ಹೆಂಡತಿ ಬೇಸರಿಸದೆ ಪುನಃ ಪುನಃ ಗುಂಡಿ ಒತ್ತಿದಳು. ಆ ದಿನ ರಾತ್ರಿ ಬೂತಾಯಿ ಹುರಿದರು, ಶೈಲಜಾ ಕುಳಿತಲ್ಲೇ ಕುಳಿತು ಹೊಟ್ಟೆ ತುಂಬ ಉಂಡಳು.

ಬಾವಿ ಮುಚ್ಚುವುದು ಮಾತ್ರ ನಿಲ್ಲಲಿಲ್ಲ. ಸದ್ದು ಕೇಳಿದರೆ ಅಮ್ಮನ ಕಾಲು ತನ್ನಷ್ಟಕ್ಕೆ ಎದ್ದು ಹೋಗುತ್ತಿತ್ತು.

ಮಗಳು ಹುಟ್ಟಿದಳು. ನರ್ಸು ತಂದು ತೋರಿಸಿದಾಗ ಹೆಣ್ಣೋ ಗಂಡೋ ಎಂದು ಕೇಳದೆ ನಾನು ಬಟ್ಟೆ ಸರಿಸಿ ಕಾಲು ನೋಡಿದೆ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಗುವನ್ನು ಆಡಿಸಿದ್ದಕ್ಕಿಂತ ಪರೀಕ್ಷೆ ಮಾಡಿದ್ದೇ ಹೆಚ್ಚು. ಕುತ್ತಿಗೆ ನಿಂತಿತೇ, ಕವುಚಿ ಬಿದ್ದಳೇ, ಕರೆದರೆ ತಿರುಗುತ್ತಾಳೆಯೇ. ನಾನು ಅಂಗಡಿಯ ಬೀಗದ ಕೈ ಗೊಂಚಲನ್ನು ಅವಳ ಬೆನ್ನ ಹಿಂದೆ ಅಲ್ಲಾಡಿಸಿ ತಿರುಗಿ ನೋಡುವವರೆಗೆ ಉಸಿರು ಬಿಗಿ ಹಿಡಿಯುತ್ತಿದ್ದೆ. ಅಮ್ಮ ಎಣ್ಣೆ ಹಚ್ಚುವ ನೆವದಲ್ಲಿ ತಲೆಯ ಸುತ್ತಳತೆಯನ್ನು ಅಂಗೈಯಲ್ಲಿ ಅಳೆಯುತ್ತಿದ್ದಳು. ಎಲ್ಲ ಸರಿಯಾಗಿತ್ತು. ಆದರೆ ಮೊದಲ ಹುಟ್ಟುಹಬ್ಬ ಕಳೆದರೂ ಅವಳು ನಡೆಯಲಿಲ್ಲ. ಗೋಡೆ ಹಿಡಿದು ನಿಲ್ಲುತ್ತಾಳೆ, ಕೈ ಬಿಟ್ಟರೆ ಕೂತುಬಿಡುತ್ತಾಳೆ. "ಕೆಲವರು ತಡ" ಎಂದಳು ಶೈಲಜಾ. ಮೊದಲ ಸಲ ಅವಳ ದನಿಯಲ್ಲೂ ನನ್ನ ಹೆದರಿಕೆ ಕೇಳಿಸಿತು.

ಅದೊಂದು ಭಾನುವಾರ. ಶೈಲಜಾ ಬಂಗುಡೆಯನ್ನು ಕಾವಲಿಗೆ ಹಾಕಿ ಚಿಮಣಿಯ ಗುಂಡಿ ಒತ್ತಿದಳು. ನೆಲದಲ್ಲಿ ಕುಳಿತಿದ್ದ ಅಮ್ಮ ಎದ್ದು ಹಿತ್ತಿಲಿಗೆ ಹೋದಳು. ಮಗಳು ಅಜ್ಜಿಯ ಹಿಂದೆಯೇ ತೆವಳಿಕೊಂಡು ಬಾಗಿಲವರೆಗೆ ಹೋಗಿ, ದಾರಂದ ಹಿಡಿದು ನಿಂತಳು. ನಾನು ಎತ್ತಿಕೊಳ್ಳಲು ಎರಡು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವಳು ಕೈ ಬಿಟ್ಟಳು, ಬೀಳಲಿಲ್ಲ.

ಬಾವಿಯ ಹತ್ತಿರ ಟಾರ್ಪಾಲಿನ ತುದಿ ಹಿಡಿದಿದ್ದ ಅಮ್ಮ ಅವಳನ್ನು ಕಂಡಳು. "ಮುಟ್ಟಬೇಡ" ಎಂದಳು ನನಗೆ, ಪಿಸುದನಿಯಲ್ಲಿ. ಮಗಳು ಅಂಗಳದ ಬಿಸಿಲಿನಲ್ಲಿ ಒಂದು ಕಾಲು ಎತ್ತಿಟ್ಟಳು, ತೂರಾಡಿದಳು, ಇನ್ನೊಂದನ್ನು ಇಟ್ಟಳು. ಒಳಗೆ ಚಿಮಣಿ ಭೋರಿಡುತ್ತಲೇ ಇತ್ತು, ಮೇಲೆ ಗೋಡೆಯ ಮುಚ್ಚಳ ಪಟಪಟ ಎನ್ನುತ್ತಿತ್ತು. ಅಮ್ಮ ಕೈ ಚಾಚಲೂ ಹೆದರಿ ಹಾಗೇ ನಿಂತಿದ್ದಳು. ಮಗಳು ಹೋಗಿ ಅವಳ ಮೊಣಕಾಲನ್ನು ಎರಡೂ ಕೈಯಲ್ಲಿ ತಬ್ಬಿದಳು. ಟಾರ್ಪಾಲು ಅಮ್ಮನ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಬಂದೆಯಾ?" ಎಂದಳು ಅಮ್ಮ, ಬಹಳ ವರ್ಷ ದಾರಿ ಕಾದವರು ಕೇಳುವ ಹಾಗೆ.

ಆ ದಿನ ಬಾವಿ ತೆರೆದೇ ಇತ್ತು. ಮೀನು ಹುರಿದದ್ದಾಯಿತು, ಹೊಗೆ ಹೊರಗೆ ಹೋಯಿತು, ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಒಳಗೆ ನಡೆದಳು. ಎಲ್ಲರೂ ಒಳಗೆ ಹೋದ ಮೇಲೆ ನಾನು ಅಂಗಳದ ನಡುವೆ ನಿಂತು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಮ್ಮೆ ಆಕಾಶ ನೋಡಿದೆ. ಆಮೇಲೆ ಟಾರ್ಪಾಲನ್ನು ಎತ್ತಿ ಬಾವಿಗೆ ಮುಚ್ಚಿದೆ.